ಸುರಪುರ ಸೀಮೆಯ ಸಭೆಗಳಲ್ಲಿ ವಿವಾದದ ವಿಷಯಗಳ ಪ್ರಸಂಗ

ಕ್ರೈಸ್ತ ಆರಾಧನೆಯಲ್ಲಿ ಸತ್ಯವೇದದ ಒಂದು ಭಾಗವನ್ನು ಓದಿ, ಅದರ ಅರ್ಥವನ್ನು ನೆರೆದವರ ಬದುಕಿಗೆ ಹೊಂದಿಸಿ ಹೇಳುವ ಮಾತನ್ನು ಪ್ರೊಟೆಸ್ಟೆಂಟರು ಪ್ರಸಂಗವೆಂದೂ ಕಥೋಲಿಕರು ಪ್ರಬೋಧನೆಯೆಂದೂ ಕರೆಯುತ್ತಾರೆ. ಕೇಳುವವರೆಲ್ಲ ಒಪ್ಪುವ ವಿಷಯದಲ್ಲಿ ಪ್ರಸಂಗಿಗೆ ತೊಡಕಿಲ್ಲ. ಕುಡಿತ ಮನೆ ಹಾಳುಮಾಡುತ್ತದೆ ಎಂದರೆ ಕುಡಿಯುವವನೂ ತಲೆಯಾಡಿಸುತ್ತಾನೆ. ತೊಡಕು ಹುಟ್ಟುವುದು ಸಭೆಯೇ ಎರಡಾಗಿರುವ ವಿಷಯದಲ್ಲಿ. ಯಾದಗಿರಿ ಜಿಲ್ಲೆಯ ಸುರಪುರ, ಶಹಾಪುರ, ಯಾದಗಿರಿ ಸೀಮೆಯಲ್ಲಿ ಅಂಥ ವಿಷಯಗಳಿಗೆ ಬರವಿಲ್ಲ. ಜಾತಿ ಪ್ರಮಾಣಪತ್ರದಲ್ಲಿ ಏನು ಬರೆಸಬೇಕು, ನೆರೆಮನೆಯವರು ಕೊಟ್ಟ ಜಾತ್ರೆಯ ಪ್ರಸಾದ ತಿನ್ನಬಹುದೆ, ಒಂದೇ ಸಭೆಯ ಹೊಲೆಯ-ಮಾದಿಗ ಮನೆಗಳ ನಡುವೆ ಹೆಣ್ಣು ಕೊಟ್ಟು ತರುವುದು ಏಕೆ ಕಷ್ಟ, ಮತಾಂತರ ಕಾಯ್ದೆಗೆ ಹೆದರಿ ಸುವಾರ್ತೆ ಹೇಳುವುದನ್ನು ಬಿಡಬೇಕೆ, ಯಾರಿಗೆ ಓಟು ಹಾಕಬೇಕು ಎಂಬ ಪ್ರಶ್ನೆಗಳು ಇಲ್ಲಿ ಪುಸ್ತಕದವಲ್ಲ, ಅಂಗಳದವು.

ಇವುಗಳ ಬಗ್ಗೆ ಪ್ರಸಂಗಿ ಮಾತಾಡಬೇಕೆ ಎಂಬ ಪ್ರಶ್ನೆಗೆ ಕಷ್ಟ ಬಂದಿರುವುದು ಪ್ರಸಂಗದ ಸ್ವರೂಪದಿಂದಲೇ. ಗ್ರಾಮಸಭೆಯಲ್ಲಿ ಒಬ್ಬರು ಆಡಿದ ಮಾತಿಗೆ ಇನ್ನೊಬ್ಬರು ಎದ್ದು ಉತ್ತರ ಕೊಡಬಹುದು. ಕೋರ್ಟಿನಲ್ಲಿ ಎದುರು ವಕೀಲರಿರುತ್ತಾರೆ. ಆರಾಧನೆಯ ನಡುವೆ ಎದ್ದು ನಿಂತು ಪ್ರಸಂಗಿಯನ್ನು ಪ್ರಶ್ನಿಸುವುದು ಮರ್ಯಾದೆಗೆಟ್ಟ ನಡತೆಯೆನಿಸುತ್ತದೆ. ಮೇಲಾಗಿ ಪ್ರಸಂಗಿ ತನ್ನ ಹೆಸರಿನಲ್ಲಿ ಮಾತಾಡುವವನಲ್ಲ, ದೇವರ ವಾಕ್ಯದ ಹೆಸರಿನಲ್ಲಿ ಮಾತಾಡುವವನು. ಉತ್ತರ ಕೊಡಲು ಬಾರದ ಜಾಗದಲ್ಲಿ, ದೇವರ ಹೆಸರಿನಲ್ಲಿ ಆಡಿದ ಮಾತು ತಪ್ಪಿದರೆ ಅದರ ಪೆಟ್ಟು ಆಳ. ಹಾಗೆಂದು ಬಾಯಿ ಮುಚ್ಚಿಕೊಂಡರೂ ಪಾರಾಗಲಾಗದು. ವಾರವಿಡೀ ಊರೆಲ್ಲ ಮಾತಾಡಿದ ಸಂಗತಿ ಭಾನುವಾರ ಬೆಳಿಗ್ಗೆ ಮಾತ್ರ ಸುದ್ದಿಯಿಲ್ಲದೆ ಹೋದರೆ, ನಮ್ಮ ಕಷ್ಟಕ್ಕೂ ದೇವರಿಗೂ ಸಂಬಂಧವಿಲ್ಲವೆಂದು ಸಭೆಯೇ ತೀರ್ಮಾನಿಸಿಕೊಳ್ಳುತ್ತದೆ.

ಈ ಸೀಮೆಯ ಕ್ರೈಸ್ತರ ಇತಿಹಾಸ ತಿಳಿಯದೆ ಈ ಪ್ರಶ್ನೆಯ ಭಾರ ತಿಳಿಯದು. ಕೃಷ್ಣೆಯ ಆಚೆ ದಡದ ಮುದಗಲ್ಲಿನಲ್ಲಿ ಆದಿಲಶಾಹಿ ಕಾಲದಿಂದ ಕಥೋಲಿಕ ಸಮುದಾಯವಿದೆ. ಈಚೆ ದಡದ ಹಳ್ಳಿಗಳಲ್ಲಿ ಸಭೆಗಳು ಬೆಳೆದದ್ದು ಬಹುಮಟ್ಟಿಗೆ ಅಮೆರಿಕದ ಮೆಥೋಡಿಸ್ಟ್ ಮಿಷನ್ನಿನಿಂದ. ವಿಲಿಯಂ ಟೇಲರ್ ಎಂಬ ಪ್ರಸಂಗಿ 1870ರ ದಶಕದಲ್ಲಿ ಮುಂಬೈಯಿಂದ ದಕ್ಷಿಣಕ್ಕೆ ಸಭೆಗಳನ್ನು ಕಟ್ಟುತ್ತಾ ಬಂದರು, 1876ರಲ್ಲಿ ಮೆಥೋಡಿಸ್ಟರ ದಕ್ಷಿಣ ಭಾರತ ಕಾನ್ಫರೆನ್ಸ್ (ಒಂದು ಸೀಮೆಯ ಸಭೆಗಳ ಆಡಳಿತ ಕೂಟ) ರೂಪುಗೊಂಡಿತು. (ಸುರಪುರದವರು ಟೇಲರ್ ಎಂದೊಡನೆ ನೆನೆಯುವ ಫಿಲಿಪ್ ಮೆಡೋಸ್ ಟೇಲರ್ ಬೇರೆ, ಅವರು 1841ರಿಂದ 1853ರವರೆಗೆ ಸಂಸ್ಥಾನದ ಆಡಳಿತ ನೋಡಿದ ಅಧಿಕಾರಿ.) ಮುಂದೆ ಮಿಷನ್ನಿನ ಕೆಲಸ ನಿಜಾಮರ ಸಂಸ್ಥಾನದ ಬೀದರ್, ಕಲಬುರಗಿ, ರಾಯಚೂರು ಸೀಮೆಗಳಿಗೆ ಹಬ್ಬಿತು. ಸಭೆ ಸೇರಿದವರು ಬಹುಪಾಲು ಹೊಲಗೇರಿ, ಮಾದಿಗರ ಕೇರಿಯವರು. ಒಬ್ಬೊಬ್ಬರಾಗಿ ಬಂದವರಿಗಿಂತ ಮನೆಮನೆಯಾಗಿ, ಕೇರಿಕೇರಿಯಾಗಿ ಬಂದವರು ಹೆಚ್ಚು. ಮೈಸೂರು ಕಡೆಯ ಇಂಗ್ಲಿಷ್ ಮೆಥೋಡಿಸ್ಟರು 1947ರಲ್ಲಿ ದಕ್ಷಿಣ ಭಾರತ ಸಭೆಯಲ್ಲಿ ಒಂದಾದರು. ಅಮೆರಿಕ ಮೂಲದ ಈ ಮೆಥೋಡಿಸ್ಟರು ಆ ಐಕ್ಯಕ್ಕೆ ಸೇರದೆ, 1981ರಲ್ಲಿ ಭಾರತದ ಮೆಥೋಡಿಸ್ಟ್ ಚರ್ಚ್ ಎಂಬ ಸ್ವತಂತ್ರ ಸಭೆಯಾದರು. ಕಥೋಲಿಕರಿಗೆ 2005ರಲ್ಲಿ ಕಲಬುರಗಿ ಧರ್ಮಪ್ರಾಂತ್ಯ ಬಂತು. ಈಚಿನ ದಶಕಗಳಲ್ಲಿ ಪೆಂತೆಕೊಸ್ತ ಮತ್ತು ಸ್ವತಂತ್ರ ಪ್ರಾರ್ಥನಾ ಮಂದಿರಗಳೂ ಹುಟ್ಟಿಕೊಂಡಿವೆ. ಎಲ್ಲ ಸೇರಿದರೂ ಜಿಲ್ಲೆಯ ಜನಸಂಖ್ಯೆಯಲ್ಲಿ ಕ್ರೈಸ್ತರದು ಬಹಳ ಚಿಕ್ಕ ಪಾಲು.

ಯಾರು ಪ್ರಸಂಗಿಯನ್ನು ನೇಮಿಸುತ್ತಾರೆ ಎಂಬುದರ ಮೇಲೆ ಅವರ ಬಾಯಿಯ ಸ್ವಾತಂತ್ರ್ಯ ನಿಂತಿದೆ. ಮೆಥೋಡಿಸ್ಟ್ ಪದ್ಧತಿಯಲ್ಲಿ ಸಭಾಪಾಲಕರನ್ನು ಊರಿನವರು ಆರಿಸುವುದಿಲ್ಲ. ಕಾನ್ಫರೆನ್ಸಿನಲ್ಲಿ ಬಿಷಪ್ಪರು ನೇಮಿಸುತ್ತಾರೆ, ವರ್ಗ ಮಾಡುತ್ತಾರೆ. ಊರಿನ ನಾಲ್ಕು ಗಟ್ಟಿ ಮನೆಗಳನ್ನು ಎದುರು ಹಾಕಿಕೊಂಡರೂ ಕೆಲಸ ಹೋಗದು ಎಂಬುದು ಈ ಪದ್ಧತಿಯ ಬಲ. ಆದರೆ ಬೇರೆಯವರನ್ನು ಕಳಿಸಿ ಎಂದು ಆ ಮನೆಗಳು ಮೇಲಿನವರಿಗೆ ಹೇಳಬಹುದು, ವರ್ಗವಾಗಿ ಬಂದವರಿಗೆ ಊರಿನ ಒಳಗುಟ್ಟು ತಿಳಿಯಲು ವರ್ಷ ಬೇಕು. ಕಥೋಲಿಕ ಗುರುಗಳನ್ನೂ ಧರ್ಮಾಧ್ಯಕ್ಷರೇ ನೇಮಿಸುತ್ತಾರೆ. ಭಾನುವಾರ ಯಾವ ವಾಚನ ಎಂಬುದು ಮೂರು ವರ್ಷಗಳ ಆವರ್ತದ ಪಂಚಾಂಗದಲ್ಲಿ ಮೊದಲೇ ಗೊತ್ತಾಗಿರುತ್ತದೆ. ಇದು ಚಿಕ್ಕ ಸಂಗತಿಯಲ್ಲ. ಗುರುಗಳು ಇಂಥವರನ್ನು ಗುರಿಮಾಡಿ ಈ ಭಾಗ ಆರಿಸಿಕೊಂಡರು ಎಂಬ ಅನುಮಾನಕ್ಕೆ ಅಲ್ಲಿ ಎಡೆ ಕಡಿಮೆ, ಕಷ್ಟದ ಭಾಗವನ್ನು ದಾಟಿ ಹೋಗುವ ಅವಕಾಶವೂ ಕಡಿಮೆ. ಸ್ವತಂತ್ರ ಮಂದಿರದ ಪಾಸ್ಟರಿಗೆ ಮೇಲೆ ಯಾರೂ ಇಲ್ಲ. ಕೇಳುವವರ ಕಾಣಿಕೆಯೇ ಜೀವನ. ಅವರು ಎಲ್ಲರಿಗಿಂತ ಸ್ವತಂತ್ರರೂ ಹೌದು, ಎಲ್ಲರಿಗಿಂತ ಕಟ್ಟುಬಿದ್ದವರೂ ಹೌದು.

ವಿವಾದದ ಮಾತನ್ನು ಹೇಗೆ ಆಡಬೇಕೆಂಬುದಕ್ಕೆ ಸತ್ಯವೇದದಲ್ಲಿ ಒಂದೇ ಮಾದರಿ ಇಲ್ಲ. ಊರೀಯನ ಹೆಂಡತಿಯನ್ನು ಕಿತ್ತುಕೊಂಡ ದಾವೀದನ ಬಳಿಗೆ ನಾತಾನನು ಹೋದದ್ದು ಕತೆಯೊಂದಿಗೆ. ಬಡವನ ಒಂದೇ ಕುರಿಮರಿಯನ್ನು ಸಿರಿವಂತನೊಬ್ಬ ಕಸಿದ ಕತೆ ಕೇಳಿ ಅರಸನೇ ತೀರ್ಪು ಕೊಟ್ಟ, ಆಮೇಲೆ ಆ ತೀರ್ಪು ತನ್ನ ಮೇಲೆಯೇ ಬಿದ್ದದ್ದನ್ನು ಕಂಡ. ತೆಕೋವದ ಕುರುಬ ಆಮೋಸನದು ಬೇರೆ ದಾರಿ. ಬೇತೇಲಿನ ಗುಡಿಯ ಎದುರಿಗೇ, ಬಡವರನ್ನು ಜೋಡು ಕೆರಕ್ಕೆ ಮಾರುವವರ ಹಬ್ಬಗಳನ್ನು ದೇವರು ಮೂಸಿಯೂ ನೋಡುವುದಿಲ್ಲವೆಂದು ಸಾರಿದ. ಅಲ್ಲಿನ ಯಾಜಕ ಅವನನ್ನು ಊರು ಬಿಟ್ಟು ಹೋಗೆಂದ. ಒಬ್ಬ ಅರಮನೆಯೊಳಗಿದ್ದು ಹೇಳಿದ, ಇನ್ನೊಬ್ಬ ಹೊರಗಿನಿಂದ ಬಂದು ಹೇಳಿದ. ಸುರಪುರ ಸೀಮೆಯ ಹಳ್ಳಿ ಸಭೆಗೆ ಈ ವ್ಯತ್ಯಾಸ ಬಹಳ ಮುಖ್ಯ. ನಗರದ ದೊಡ್ಡ ಚರ್ಚಿನಲ್ಲಿ ಪ್ರಸಂಗಿ ಒಂದು ತಪ್ಪನ್ನು ಖಂಡಿಸಿದರೆ ಅದು ಯಾರದೆಂದು ಯಾರಿಗೂ ತಿಳಿಯದು. ಮೂವತ್ತು ನಲವತ್ತು ಮನೆಗಳ ಸಭೆಯಲ್ಲಿ ಹೆಸರೆತ್ತದೆ ಕೊಟ್ಟ ಉದಾಹರಣೆಗೂ ಮುಖವಿರುತ್ತದೆ, ಎಲ್ಲರ ಕಣ್ಣೂ ಒಂದೇ ಮೂಲೆಗೆ ಹೊರಳುತ್ತವೆ. ಒಬ್ಬರ ತಪ್ಪನ್ನು ಮೊದಲು ಅವರೊಬ್ಬರಿಗೇ ಹೇಳು ಎಂದು ಮತ್ತಾಯನ ಸುವಾರ್ತೆಯ 18ನೇ ಅಧ್ಯಾಯದಲ್ಲಿ ಯೇಸು ಕಲಿಸಿದ ಕ್ರಮವನ್ನು ಹಳ್ಳಿಯ ಪ್ರಸಂಗಿ ಮೀರಲೇಬಾರದು. ಒಬ್ಬಳು ಹೆಣ್ಣುಮಗಳ ಸಂಸಾರ, ಒಂದು ಮನೆಯ ಸಾಲ, ಒಬ್ಬ ಹುಡುಗ ಓಡಿಹೋದದ್ದು ಭಾನುವಾರದ ಮಾತಿಗೆ ಸರಕಾದರೆ ಅದು ಪ್ರಸಂಗವಲ್ಲ, ಊರ ಮುಂದೆ ಹರಾಜು.

ಇನ್ನೂ ಹತ್ತಿರದ ಪಾಠ ಪೌಲನ ಪತ್ರಗಳಲ್ಲಿದೆ. ಅಂತಿಯೋಕ್ಯದಲ್ಲಿ ಪೇತ್ರನು ಯೆಹೂದ್ಯರಲ್ಲದ ವಿಶ್ವಾಸಿಗಳೊಂದಿಗೆ ಕೂತು ಉಣ್ಣುತ್ತಿದ್ದ. ಯೆರೂಸಲೇಮಿನಿಂದ ಮಡಿವಂತರು ಬಂದಾಗ ಹೆದರಿ ಪಂಕ್ತಿಯಿಂದ ಎದ್ದ. ಪೌಲನು ಎಲ್ಲರ ಮುಂದೆಯೇ ಅವನನ್ನು ಎದುರಿಸಿದ, ಇದು ಸುವಾರ್ತೆಯ ಸತ್ಯಕ್ಕೇ ಸಂಬಂಧಿಸಿದ್ದು ಎಂದ. ಕೊರಿಂಥದಲ್ಲಿ ಅದೇ ಪೌಲನ ಮುಂದೆ ಬಂದದ್ದೂ ಊಟದ ಪ್ರಶ್ನೆಯೇ: ವಿಗ್ರಹಗಳಿಗೆ ಅರ್ಪಿಸಿದ ಮಾಂಸವನ್ನು ವಿಶ್ವಾಸಿಗಳು ತಿನ್ನಬಹುದೆ? ಅಲ್ಲಿ ಅವನು ಅಬ್ಬರಿಸಲಿಲ್ಲ. ತಿನ್ನುವುದರಲ್ಲಿ ಸ್ವತಃ ದೋಷವಿಲ್ಲವೆಂಬ ತಿಳಿವಳಿಕಸ್ಥರ ವಾದವನ್ನು ಬಹುಮಟ್ಟಿಗೆ ಒಪ್ಪಿಯೂ, ನಿನ್ನ ಊಟದಿಂದ ನಿನ್ನ ಸೋದರನ ಮನಸ್ಸಾಕ್ಷಿಗೆ ಪೆಟ್ಟಾಗುವುದಾದರೆ ಬಿಡು ಎಂದ. ಒಂದು ಕಡೆ ರಾಜಿಯಿಲ್ಲದ ಮಾತು, ಇನ್ನೊಂದು ಕಡೆ ಇಷ್ಟೊಂದು ತಾಳ್ಮೆ. ಮೇಲ್ನೋಟಕ್ಕೆ ಇವು ಹೊಂದುವುದಿಲ್ಲ. ಆದರೆ ಎರಡೂ ಊರಲ್ಲಿ ಪೌಲನ ಕಣ್ಣಿದ್ದದ್ದು ದುರ್ಬಲನ ಮೇಲೆ. ಅಂತಿಯೋಕ್ಯದಲ್ಲಿ ಪೇತ್ರ ಎದ್ದು ಹೋದಾಗ ಅವಮಾನಗೊಂಡವರು ಪಂಕ್ತಿಯಲ್ಲಿ ಉಳಿದವರು. ಕೊರಿಂಥದಲ್ಲಿ ತಿಳಿದವರ ಧೈರ್ಯಕ್ಕೆ ತೊಡರಿ ಬೀಳುವವರು ಹೊಸಬರು. ವಿವಾದದ ವಿಷಯದಲ್ಲಿ ಯಾವಾಗ ಗಟ್ಟಿಯಾಗಿ ಮಾತಾಡಬೇಕು, ಯಾವಾಗ ತಾಳಬೇಕು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಅಳತೆ ಸಭೆಯ ಬಳಿ ಇಲ್ಲ: ಈ ಮಾತಿನ ಬೆಲೆಯನ್ನು ಕೊನೆಗೆ ತೆರುವವರು ಯಾರು ಎಂದು ಮೊದಲು ನೋಡಬೇಕು.

ಪಂಕ್ತಿಯ ಪ್ರಶ್ನೆ ಸುರಪುರ ಸೀಮೆಗೆ ಮಿಷನರಿಗಳು ತಂದದ್ದೇನೂ ಅಲ್ಲ. ಸುರಪುರ ತಾಲ್ಲೂಕಿನ ಕೆಂಭಾವಿಯ ಶರಣ ಭೋಗಣ್ಣ ಕೇರಿಯಿಂದ ಬಂದ ಜಂಗಮನನ್ನು ಮನೆಯೊಳಗೆ ಕರೆದು ಉಪಚರಿಸಿದನೆಂದೂ, ಮಡಿವಂತರ ದೂರಿನ ಮೇಲೆ ಊರು ಬಿಡಬೇಕಾಯಿತೆಂದೂ, ಊರಿನ ಶಿವಲಿಂಗಗಳೇ ಅವನ ಹಿಂದೆ ಹೊರಟವೆಂದೂ ವೀರಶೈವ ಪುರಾಣಗಳು ಹೇಳುತ್ತವೆ. ಮುದನೂರು ಜೇಡರ ದಾಸಿಮಯ್ಯನ ಊರು. ಕೃಷ್ಣೆಯ ದಡದ ತಿಂಥಣಿಯ ಮೌನೇಶ್ವರನಿಗೆ ಹಿಂದೂಗಳೂ ಮುಸ್ಲಿಮರೂ ನಡೆದುಕೊಳ್ಳುತ್ತಾರೆ. ಶಹಾಪುರ ತಾಲ್ಲೂಕಿನ ಗೋಗಿಯ ದರ್ಗಾಕ್ಕೂ ಹಾಗೆಯೇ. ಇಲ್ಲಿ ಪಂಕ್ತಿಭೇದದ ವಿರುದ್ಧ ಮಾತಾಡುವ ಪ್ರಸಂಗಿ ಹೊರಗಿನ ಮಾತನ್ನು ತಂದು ಹೇರುವವನಲ್ಲ. ಭೋಗಣ್ಣನ ಕತೆಯನ್ನು ಕೇಳುತ್ತಾ ಬೆಳೆದ ಊರಿನಲ್ಲಿ ಅಂತಿಯೋಕ್ಯದ ಕತೆಗೆ ಮುನ್ನುಡಿ ಬೇಕಿಲ್ಲ.

ಆದರೂ ಸಭೆಯೊಳಗಿನ ಜಾತಿಯ ಬಗ್ಗೆ ಭಾರತದ ಪ್ರಸಂಗ ಪೀಠಗಳು ಬಹುಕಾಲ ಅಳುಕಿದ್ದು ನಿಜ. ಕಲ್ಕತ್ತೆಯ ಬಿಷಪ್ ಡೇನಿಯಲ್ ವಿಲ್ಸನ್ 1833ರಲ್ಲಿ ಸಭೆಗಳಲ್ಲಿ ಜಾತಿಭೇದ ಪೂರ್ತಿಯಾಗಿ ತೊಲಗಬೇಕೆಂದು ಪತ್ರ ಬರೆದಾಗ ತಂಜಾವೂರು, ಮದ್ರಾಸಿನ ಸಭೆಗಳಲ್ಲಿ ದೊಡ್ಡ ಒಡಕು ಹುಟ್ಟಿತು. ಕರ್ತನ ಭೋಜನದಲ್ಲಿ ಎಲ್ಲರೂ ಒಂದೇ ಪಾತ್ರೆಯಿಂದ ಕುಡಿಯಲು ಮೇಲುಜಾತಿಯ ಎಷ್ಟೋ ಮಂದಿ ಒಪ್ಪಲಿಲ್ಲ. ಕೆಲವು ಲೂಥರನ್ ಮಿಷನರಿಗಳು ಜಾತಿ ಲೋಕವ್ಯವಹಾರ, ನಿಧಾನವಾಗಿ ಕರಗುತ್ತದೆ ಎಂದರು. ಕನ್ನಡ ನಾಡಿನಲ್ಲಿ 1834ರಿಂದ ಕೆಲಸ ಮಾಡಿದ ಬಾಸೆಲ್ ಮಿಷನ್ ಮೊದಲಿನಿಂದಲೂ ಬಿಗಿಯಾಗಿತ್ತು. ನಿಧಾನವಾಗಿ ಕರಗುತ್ತದೆ ಎಂದವರ ಲೆಕ್ಕ ತಪ್ಪಿತೆಂದು ಈಗ ಹೇಳಬಹುದು: ಸಭೆಯಲ್ಲಿ ದಲಿತರಿಗೆ ಭೇದಭಾವ ಇನ್ನೂ ಇದೆಯೆಂದು ಭಾರತದ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿ 2016ರ ತನ್ನ ದಲಿತ ಸಬಲೀಕರಣ ನೀತಿಯಲ್ಲಿ ತಾನೇ ಒಪ್ಪಿಕೊಂಡಿತು.

ಕಲ್ಯಾಣ ಕರ್ನಾಟಕದ ಮೆಥೋಡಿಸ್ಟ್ ಸಭೆಗಳಲ್ಲಿ ಈ ಸಮಸ್ಯೆಗೆ ಬೇರೆ ಮುಖವಿದೆ. ಇಲ್ಲಿ ಮೇಲುಜಾತಿಯವರು ಸಭೆ ಸೇರಿದ್ದೇ ಕಡಿಮೆ. ಉಳಿದದ್ದು ಅಂಬೇಡ್ಕರ್ ಗುರುತಿಸಿದ ಶ್ರೇಣೀಕೃತ ಅಸಮಾನತೆ: ತುಳಿಸಿಕೊಂಡ ಎರಡು ಕೇರಿಗಳ ನಡುವೆಯೇ ಮೇಲು ಕೀಳು. ಒಂದೇ ಸಾಲಿನಲ್ಲಿ ಮೊಣಕಾಲೂರಿ ಕರ್ತನ ಭೋಜನ ತೆಗೆದುಕೊಂಡವರು ಮದುವೆಯ ಮಾತು ಬಂದಾಗ ತಮ್ಮ ತಮ್ಮ ಕೇರಿಗೆ ಮರಳುತ್ತಾರೆ. ಒಳಮೀಸಲಾತಿಯ ಚರ್ಚೆಗೆ ಕಾವು ಏರಿ, 2025ರ ಆಗಸ್ಟಿನಲ್ಲಿ ರಾಜ್ಯ ಸರ್ಕಾರ ಪರಿಶಿಷ್ಟ ಜಾತಿಗಳ ಮೀಸಲಾತಿಯನ್ನು ಗುಂಪುಗಳಿಗೆ ಹಂಚಿದಾಗ, ಮಾದಿಗ-ಹೊಲೆಯರ ನಡುವಿನ ಎಡ-ಬಲದ ಪ್ರಶ್ನೆ ಮನೆಮಾತಾಯಿತು. ಯಾರಿಗೆ ಶೇಕಡಾ ಎಷ್ಟು ಎಂಬುದನ್ನು ಪ್ರಸಂಗ ಪೀಠ ತೀರ್ಮಾನಿಸಲಾಗದು. ಆದರೆ ಒಂದೇ ರೊಟ್ಟಿ ಮುರಿದವರ ನಡುವೆ ಕೊಡುಕೊಳ್ಳುವಿಕೆ ಯಾಕಿಲ್ಲ ಎಂದು ಕೇಳದೆ ಬಿಡಲೂ ಆಗದು. ಇದು ಅಂತಿಯೋಕ್ಯದ ಪ್ರಶ್ನೆ. ಇಲ್ಲಿ ತಾಳ್ಮೆಯೆಂಬುದು ಮೇಲಿನ ಮೆಟ್ಟಿಲಲ್ಲಿ ನಿಂತವರಿಗೆ ಮಾತ್ರ ಅನುಕೂಲ.

ಅಳುಕಿದ ಪೀಠಕ್ಕೆ ಆಗುವ ಗತಿಯನ್ನು ಮೆಥೋಡಿಸ್ಟರ ಸ್ವಂತ ಚರಿತ್ರೆಯೇ ತೋರಿಸುತ್ತದೆ. ಈ ಪಂಥದ ಮೂಲಪುರುಷ ಜಾನ್ ವೆಸ್ಲಿ 1774ರಲ್ಲೇ ಗುಲಾಮಗಿರಿಯ ವಿರುದ್ಧ ಪುಸ್ತಕ ಬರೆದರು; 1791ರಲ್ಲಿ ಸಾಯುವ ಕೆಲವೇ ದಿನಗಳ ಮುಂಚೆ ಬ್ರಿಟಿಷ್ ಸಂಸದ ವಿಲ್ಬರ್‌ಫೋರ್ಸರಿಗೆ ಬರೆದ ಪತ್ರವೂ ಅದೇ ವಿಷಯದ್ದು. ಅಮೆರಿಕದ ಅವರ ಶಿಷ್ಯರು ಮೊದಲು ಅದೇ ಮಾತು ಆಡಿ, ದಕ್ಷಿಣದ ಸಭೆಗಳು ಬೆಳೆದಂತೆ ದನಿ ತಗ್ಗಿಸಿದರು. 1844ರಲ್ಲಿ ಬಿಷಪ್ಪರೊಬ್ಬರು ಗುಲಾಮರ ಒಡೆಯರಾದ ಸಂಗತಿ ಮುಂದೆ ಬಂದಾಗ ಸಭೆ ಉತ್ತರ ದಕ್ಷಿಣಗಳಾಗಿ ಸೀಳಿತು. ಯಾದಗಿರಿಯ ಹೋಲ್ಸ್ಟನ್ ಆಸ್ಪತ್ರೆಗೆ ಹೆಸರು ಕೊಟ್ಟ ಅಮೆರಿಕದ ಹೋಲ್ಸ್ಟನ್ ಕಾನ್ಫರೆನ್ಸ್ ಕೂಡ ಆಗ ದಕ್ಷಿಣದ ಪಾಲಾಗಿತ್ತು. 1939ರಲ್ಲಿ ಮತ್ತೆ ಕೂಡಿಕೊಂಡಾಗ ಕರಿಯರ ಸಭೆಗಳನ್ನೆಲ್ಲ ಬೇರೆ ಒಂದು ವಿಭಾಗಕ್ಕೆ ಹಾಕಿದರು. ಆ ಕಳಂಕ ಅಳಿದದ್ದು 1968ರಲ್ಲಿ. 1963ರ ಜನವರಿಯಲ್ಲಿ ಮಿಸಿಸಿಪ್ಪಿಯ 28 ಮಂದಿ ಬಿಳಿಯ ಮೆಥೋಡಿಸ್ಟ್ ಪ್ರಸಂಗಿಗಳು ವರ್ಣಭೇದವನ್ನು ಖಂಡಿಸಿ ಒಂದು ಹೇಳಿಕೆಗೆ ಸಹಿ ಹಾಕಿದರು. ಅವರಲ್ಲಿ ಹೆಚ್ಚಿನವರು ಬೇಗನೆ ಆ ರಾಜ್ಯವನ್ನೇ ಬಿಡಬೇಕಾಯಿತು. ಅಲ್ಲಿ ಒಡಕು ಆ 28 ಮಂದಿಯಿಂದ ಹುಟ್ಟಲಿಲ್ಲ. ನೂರು ವರ್ಷ ಮಾತಾಡದೆ ಉಳಿದ ಪೀಠಗಳಿಂದ ಬೆಳೆಯಿತು. ಈಚೆಗೆ ಅದೇ ಅಮೆರಿಕದ ಸಭೆ ಸಲಿಂಗ ವಿವಾಹದ ವಿಷಯದಲ್ಲಿ ಮತ್ತೆ ಒಡೆದಿದೆ. 2019ರಿಂದ 2023ರ ನಡುವೆ ಅಲ್ಲಿನ ಸುಮಾರು ಕಾಲುಭಾಗ ಸಭೆಗಳು ಹೊರಬಂದವು.

ಸುರಪುರ ಸೀಮೆಯಲ್ಲಿ ಪ್ರಸಂಗಿಯ ನಾಲಗೆಯನ್ನು ಎಲ್ಲಕ್ಕಿಂತ ಹೆಚ್ಚು ಪರೀಕ್ಷೆಗೆ ಒಡ್ಡುವುದು ಪ್ರಮಾಣಪತ್ರದ ಪ್ರಶ್ನೆ. 1950ರ ಸಂವಿಧಾನ (ಪರಿಶಿಷ್ಟ ಜಾತಿಗಳು) ಆದೇಶ ಪರಿಶಿಷ್ಟ ಜಾತಿಯ ಸ್ಥಾನವನ್ನು ಹಿಂದೂಗಳಿಗೆ ಸೀಮಿತಗೊಳಿಸಿತು. 1956ರಲ್ಲಿ ಸಿಖ್ಖರಿಗೆ, 1990ರಲ್ಲಿ ಬೌದ್ಧರಿಗೆ ಅದು ವಿಸ್ತರಿಸಿತು. ಕ್ರೈಸ್ತರಾದ, ಮುಸ್ಲಿಮರಾದ ದಲಿತರು ಹೊರಗುಳಿದರು. ಕರ್ನಾಟಕದಲ್ಲಿ ಪರಿಶಿಷ್ಟ ಜಾತಿಯಿಂದ ಕ್ರೈಸ್ತರಾದವರು ಹಿಂದುಳಿದ ವರ್ಗಗಳ ಪ್ರವರ್ಗ 1ರಲ್ಲಿ ಬರುತ್ತಾರೆ. ಅದು ಪರಿಶಿಷ್ಟ ಜಾತಿಯ ಸ್ಥಾನಕ್ಕೆ ಸಮವಲ್ಲ. ರಂಗನಾಥ ಮಿಶ್ರಾ ಆಯೋಗ 2007ರಲ್ಲಿ ಈ ಸ್ಥಾನವನ್ನು ಧರ್ಮದಿಂದ ಬಿಡಿಸಬೇಕೆಂದು ಶಿಫಾರಸು ಮಾಡಿತು, ಜಾರಿಯಾಗಲಿಲ್ಲ. 2022ರಲ್ಲಿ ನಿವೃತ್ತ ಮುಖ್ಯ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್ ಅವರ ಆಯೋಗಕ್ಕೆ ಪ್ರಶ್ನೆಯನ್ನು ಮತ್ತೆ ಒಪ್ಪಿಸಲಾಯಿತು. 2024ರ ನವೆಂಬರಿನಲ್ಲಿ, ದೀಕ್ಷಾಸ್ನಾನ ಪಡೆದು ಕ್ರೈಸ್ತ ನಂಬಿಕೆಯಲ್ಲಿ ನಡೆಯುವವರು ಮೀಸಲಾತಿಗಾಗಿ ಹಿಂದೂ ಎಂದು ಹೇಳಿಕೊಳ್ಳುವುದು ಸಂವಿಧಾನಕ್ಕೆ ಮಾಡಿದ ವಂಚನೆ ಎಂದು ಸುಪ್ರೀಂ ಕೋರ್ಟ್ ಪುದುಚೇರಿಯ ಪ್ರಕರಣವೊಂದರಲ್ಲಿ ಹೇಳಿತು. 2025ರಲ್ಲಿ ಆಂಧ್ರ ಹೈಕೋರ್ಟ್ ಇನ್ನೊಂದು ಪ್ರಕರಣದಲ್ಲಿ, ಪಾಸ್ಟರ್ ಆಗಿರುವ ವ್ಯಕ್ತಿ ಪರಿಶಿಷ್ಟ ಜಾತಿಯವರ ಮೇಲಿನ ದೌರ್ಜನ್ಯ ತಡೆ ಕಾಯ್ದೆಯ ರಕ್ಷಣೆ ಕೇಳಲಾಗದು ಎಂದಿತು. ಜಾತಿ ಹಿಡಿದು ಬೈಯುವವರು ಬೈಸಿಕೊಳ್ಳುವವನ ಧರ್ಮವನ್ನು ಕೇಳುವುದಿಲ್ಲ. ಕಾನೂನು ಮಾತ್ರ ಕೇಳುತ್ತದೆ.

ಈ ಕಾನೂನಿನ ಕೆಳಗೆ ಕೂತಿರುವ ಸಭೆಯಲ್ಲಿ ಪ್ರಸಂಗಿ ಏನು ಹೇಳಬೇಕು? ಕ್ರೈಸ್ತರೆಂದು ಬರೆಸದವರು ಕ್ರಿಸ್ತನನ್ನು ಅಲ್ಲಗಳೆದವರು ಎಂದು ಗುಡುಗುವುದು ಸುಲಭ. ಹಾಗೆ ಗುಡುಗುವವರಿಗೆ ಹೋಗುವುದೇನೂ ಇಲ್ಲ. ಹೋಗುವುದು ಕೂಲಿಯವನ ಮಗಳ ವಿದ್ಯಾರ್ಥಿವೇತನ, ಹಾಸ್ಟೆಲ್ಲಿನ ಸೀಟು. ಸಭೆಯ ದೀಕ್ಷಾಸ್ನಾನದ ರಿಜಿಸ್ಟರೇ ನಾಳೆ ಕೋರ್ಟಿನಲ್ಲಿ ಸಾಕ್ಷಿಯಾಗಬಹುದಾದ ಕಾಲದಲ್ಲಿ ಪೀಠದ ಮೇಲಿನ ಒಂದು ಸಡಿಲ ಮಾತು ಒಂದು ಮನೆಯನ್ನು ಮುಳುಗಿಸಬಲ್ಲದು. ಹಾಗೆಂದು ಸುಳ್ಳು ಬರೆಸಿದರೆ ಅಡ್ಡಿಯಿಲ್ಲ ಎಂದು ಸತ್ಯವೇದವನ್ನು ಕೈಯಲ್ಲಿ ಹಿಡಿದು ಹೇಳಲೂ ಬಾರದು. ಪೀಠದಿಂದ ಹೇಳಬಹುದಾದದ್ದು, ಹೇಳಲೇಬೇಕಾದದ್ದು ಒಂದಿದೆ: ನಂಬಿಕೆಗೂ ಹೊಟ್ಟೆಗೂ ನಡುವೆ ಬಡವನನ್ನು ಹೀಗೆ ಸಿಲುಕಿಸುವ ವ್ಯವಸ್ಥೆ ಅನ್ಯಾಯದ್ದು, ಅದನ್ನು ಬದಲಾಯಿಸಲು ಸಭೆ ಬಾಯಿ ತೆರೆಯಬೇಕು. ಇಂಥ ಮನೆ ಏನು ಬರೆಸಬೇಕೆಂಬುದು ಪ್ರಸಂಗದ ವಿಷಯವಲ್ಲ. ಸಭಾಪಾಲಕರು ಆ ಮನೆಯ ಚಾಪೆಯ ಮೇಲೆ ಕೂತು, ಪರಿಣಾಮಗಳನ್ನೆಲ್ಲ ಬಿಡಿಸಿ ಹೇಳಿ, ತೀರ್ಮಾನವನ್ನು ಆ ಮನೆಯವರ ಮನಸ್ಸಾಕ್ಷಿಗೆ ಬಿಡಬೇಕಾದ ವಿಷಯ. 2025ರ ಸೆಪ್ಟೆಂಬರ್ 22ರಂದು ಹಿಂದುಳಿದ ವರ್ಗಗಳ ಆಯೋಗ ರಾಜ್ಯದಲ್ಲಿ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ಆರಂಭಿಸಿದಾಗ, ಜಾತಿಯ ಹೆಸರಿನ ಮುಂದೆ ಕ್ರಿಶ್ಚಿಯನ್ ಎಂದು ಸೇರಿಸಿದ ಪಟ್ಟಿಗೆ ರಾಜಕೀಯ ವಿರೋಧ ಎದ್ದು, ಅಂಥ ಹಲವು ಹೆಸರುಗಳನ್ನು ಪಟ್ಟಿಯಿಂದ ಕೈಬಿಡಲಾಯಿತು. ಕ್ರೈಸ್ತರಲ್ಲೂ ಇದರ ಬಗ್ಗೆ ಎರಡು ಮನಸ್ಸಿತ್ತು. ಜಾತಿಯನ್ನು ಬಿಟ್ಟು ಬಂದ ಮೇಲೆ ಮತ್ತೆ ಯಾಕೆ ಬರೆಸಬೇಕು ಎಂಬುದು ಒಂದು, ಬರೆಸದಿದ್ದರೆ ನಮ್ಮ ಹಿಂದುಳಿದಿರುವಿಕೆ ಲೆಕ್ಕಕ್ಕೇ ಬಾರದು ಎಂಬುದು ಇನ್ನೊಂದು. ಎರಡೂ ಪ್ರಾಮಾಣಿಕ ಮಾತುಗಳೇ. ಇಂಥಲ್ಲಿ ಎರಡೂ ಕಡೆಯ ವಾದವನ್ನು ತಪ್ಪಿಲ್ಲದೆ ವಿವರಿಸಿ ಹೇಳುವುದೇ ಪ್ರಸಂಗಿ ಮಾಡಬಹುದಾದ ಸೇವೆ. ಜಾತಿಯ ನೋವಿನ ಅನುಭವದಿಂದಲೇ ದೇವರ ಬಗ್ಗೆ ಮಾತು ಕಟ್ಟಬೇಕೆಂದು 1981ರಲ್ಲಿ ಬೆಂಗಳೂರಿನ ಯುನೈಟೆಡ್ ಥಿಯಾಲಜಿಕಲ್ ಕಾಲೇಜಿನಲ್ಲಿ ಅರವಿಂದ ನಿರ್ಮಲ್ ಆಡಿದ ಭಾಷಣದಿಂದ ದಲಿತ ದೈವಶಾಸ್ತ್ರ ಬೆಳೆಯಿತು. ಆ ಚಿಂತನೆ ಹಳ್ಳಿಯ ಪೀಠಕ್ಕೆ ಇನ್ನೂ ಬೇಕಾದಷ್ಟು ಇಳಿದಿಲ್ಲ.

ಪ್ರಸಾದದ ಪ್ರಶ್ನೆ ಕೊರಿಂಥದ ಬಗೆಯದು. ಮೈಲಾಪುರದ ಮೈಲಾರಲಿಂಗನ ಜಾತ್ರೆ, ತಿಂಥಣಿಯ ಜಾತ್ರೆ, ಮೊಹರಮ್ಮಿನ ಅಲಾಯಿ ಈ ಸೀಮೆಯಲ್ಲಿ ಊರಿಗೆ ಊರೇ ಸೇರುವ ದಿನಗಳು. ಕ್ರೈಸ್ತರ ಬೀಗರು ನೆಂಟರಲ್ಲಿ ಅರ್ಧ ಮಂದಿ ಹಿಂದೂಗಳೇ ಆಗಿರಬಹುದು. ತಿನ್ನಬಾರದೆನ್ನುವವರ ಭಯಕ್ಕೂ ಅರ್ಥವಿದೆ, ಅಕ್ಕನ ಮನೆಯ ಹೋಳಿಗೆಯನ್ನು ಹೇಗೆ ದೂಡಲಿ ಎನ್ನುವವರ ಸಂಕಟಕ್ಕೂ ಅರ್ಥವಿದೆ. ಇದನ್ನು ಪೀಠದಿಂದ ವಿಧಿ-ನಿಷೇಧ ಮಾಡಿದರೆ ಸಂಬಂಧಗಳು ಕಡಿಯುತ್ತವೆ. ಪೌಲನ ತಾಳ್ಮೆ ಇಲ್ಲಿಗೆ ಸಾಕು.

ಪರಧರ್ಮದ ಬಗ್ಗೆ ಪೀಠದ ಮೇಲೆ ಆಡುವ ಮಾತಿನ ಬೆಲೆಯನ್ನು ಕರ್ನಾಟಕ ಒಮ್ಮೆ ಕಣ್ಣಾರೆ ಕಂಡಿದೆ. ಹಿಂದೂ ದೇವತೆಗಳನ್ನು ಹೀನೈಸಿದೆಯೆಂಬ ಆರೋಪ ಹೊತ್ತ ಒಂದು ಕನ್ನಡ ಪುಸ್ತಕವನ್ನು ನೆಪವಾಗಿಟ್ಟುಕೊಂಡು 2008ರ ಸೆಪ್ಟೆಂಬರಿನಲ್ಲಿ ಮಂಗಳೂರು ಮತ್ತು ಇತರ ಕಡೆ ಚರ್ಚುಗಳ ಮೇಲೆ ದಾಳಿಯಾಯಿತು. ಆ ಪುಸ್ತಕಕ್ಕೂ ಕಥೋಲಿಕರಿಗೂ ಸಂಬಂಧವಿರಲಿಲ್ಲ. ಆದರೂ ಸೆಪ್ಟೆಂಬರ್ 14ರಂದು ಮಂಗಳೂರಿನಲ್ಲಿ ಪೆಟ್ಟು ಬಿದ್ದದ್ದು ಆರಾಧನೆಯಲ್ಲೇ ಬದುಕು ಸವೆಸುವ ಕಥೋಲಿಕ ಸನ್ಯಾಸಿನಿಯರ ಮಠಕ್ಕೆ. ದಾಳಿಗೆ ಯಾವ ಪುಸ್ತಕವೂ ಸಮರ್ಥನೆಯಲ್ಲ. ಆದರೆ ನೆರೆಯವರ ಪೂಜೆಯನ್ನು ಹೀಗಳೆಯದೆಯೇ ಕ್ರಿಸ್ತನ ಬಗ್ಗೆ ಹೇಳಲು ಬರುವುದಿಲ್ಲವೆಂದರೆ ಆ ಪ್ರಸಂಗಿಗೆ ಹೇಳಲು ಹೆಚ್ಚಿಲ್ಲವೆಂದೇ ಅರ್ಥ. 2022ರ ಕರ್ನಾಟಕ ಧಾರ್ಮಿಕ ಸ್ವಾತಂತ್ರ್ಯ ಹಕ್ಕು ಸಂರಕ್ಷಣಾ ಕಾಯ್ದೆ ಆಮಿಷ ಎಂಬುದಕ್ಕೆ ಕೊಟ್ಟ ವ್ಯಾಖ್ಯೆ ಎಷ್ಟು ಅಗಲವೆಂದರೆ, ಒಂದು ಧರ್ಮವನ್ನು ಇನ್ನೊಂದರ ಎದುರು ಹೊಗಳುವುದೂ ದೇವರ ಕೋಪದ ಮಾತೂ ಅದರೊಳಗೆ ಬರುತ್ತವೆ. ಪರಿಶಿಷ್ಟರು, ಮಹಿಳೆಯರು, ಅಪ್ರಾಪ್ತರ ವಿಷಯದಲ್ಲಿ ಶಿಕ್ಷೆ 10 ವರ್ಷದವರೆಗೆ. 2023ರ ಜೂನಿನಲ್ಲಿ ಹೊಸ ಸಚಿವ ಸಂಪುಟ ಅದನ್ನು ರದ್ದು ಮಾಡುವ ತೀರ್ಮಾನ ಕೈಗೊಂಡಿತು. ಅಂಥ ಕಾಯ್ದೆ ಅನ್ಯಾಯದ್ದೆಂದು ಸಭೆ ಹೇಳುವುದು ಸರಿ. ಹಾಗೆ ಹೇಳುವ ಹಕ್ಕು ನೆರೆಯವರ ದೇವರನ್ನು ಬೈಯುವ ಹಕ್ಕಲ್ಲ. ಮೆಥೋಡಿಸ್ಟ್ ಮಿಷನರಿ ಇ. ಸ್ಟ್ಯಾನ್ಲಿ ಜೋನ್ಸ್ 1925ರ ತಮ್ಮ ಪ್ರಸಿದ್ಧ ಪುಸ್ತಕದಲ್ಲಿ ತೋರಿದ ದಾರಿ, ಎಲ್ಲ ಧರ್ಮದವರನ್ನು ಸುತ್ತ ಕೂರಿಸಿ ತಮ್ಮ ತಮ್ಮ ಅನುಭವ ಹೇಳಿಸಿದ ಅವರ ಗೋಷ್ಠಿಗಳು, ಇವತ್ತಿಗೂ ಹಳತಾಗಿಲ್ಲ.

ಚುನಾವಣೆಯ ವಿಷಯ ಹೆಚ್ಚು ಬೆಳೆಸಬೇಕಿಲ್ಲ. ಧಾರ್ಮಿಕ ಸ್ಥಳವನ್ನು ರಾಜಕೀಯಕ್ಕೆ ಬಳಸುವುದನ್ನು 1988ರ ಕಾಯ್ದೆಯೊಂದು ತಡೆಯುತ್ತದೆ. ಧರ್ಮದ ಹೆಸರಲ್ಲಿ ಓಟು ಕೇಳುವುದನ್ನು ಭ್ರಷ್ಟ ಆಚರಣೆಯೆನ್ನುವ ನಿಯಮಕ್ಕೆ 2017ರಲ್ಲಿ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ ವಿಶಾಲ ಅರ್ಥ ಕೊಟ್ಟಿತು. ಕಾನೂನು ಇಲ್ಲದಿದ್ದರೂ ವೆಸ್ಲಿಯ ಸಲಹೆ ಇದೆ. 1774ರ ಅಕ್ಟೋಬರಿನಲ್ಲಿ ಬ್ರಿಸ್ಟಲ್ ಊರಿನ ಮತದಾರರಿಗೆ ಅವರು ಹೇಳಿದ್ದು ಮೂರು ಸಂಗತಿ: ದುಡ್ಡು ತೆಗೆದುಕೊಳ್ಳದೆ ಯೋಗ್ಯನೆನಿಸಿದವನಿಗೆ ಓಟು ಹಾಕಿ, ಯಾರ ವಿರುದ್ಧ ಹಾಕಿದಿರೋ ಅವನ ಬಗ್ಗೆ ಕೆಟ್ಟದ್ದಾಡಬೇಡಿ, ಆ ಕಡೆಗೆ ಓಟು ಹಾಕಿದವರ ಮೇಲೆ ಮನಸ್ಸು ಕಹಿ ಮಾಡಿಕೊಳ್ಳಬೇಡಿ. ಪೀಠದಿಂದ ಅಭ್ಯರ್ಥಿಯ ಹೆಸರಾಗಲಿ ಪಕ್ಷದ ಹೆಸರಾಗಲಿ ಬರದೆಯೂ ಇಷ್ಟನ್ನು ಗಟ್ಟಿಯಾಗಿ ಹೇಳಬಹುದು. ಓಟಿಗೆ ಹಣ ಹಂಚುವ ಊರಲ್ಲಿ ಮೊದಲನೆಯದನ್ನು ಹೇಳಲು ಧೈರ್ಯವೂ ಬೇಕು.

ಹೆಣ್ಣುಮಕ್ಕಳ ಪ್ರಶ್ನೆ ಮಾತ್ರ ಇಲ್ಲಿ ಪೂರ್ತಿ ಬಾಯಿಬಿಟ್ಟಿಲ್ಲ. ಅಮೆರಿಕದ ಮೆಥೋಡಿಸ್ಟರು 1956ರಲ್ಲಿ ಮಹಿಳೆಯರಿಗೆ ಪೂರ್ಣ ಪಾದ್ರಿ ಹಕ್ಕು ಕೊಟ್ಟರು. ದಕ್ಷಿಣ ಭಾರತ ಸಭೆಯಲ್ಲಿ 2013ರಲ್ಲಿ ಇ. ಪುಷ್ಪಲಲಿತಾ ನಂದ್ಯಾಲದ ಬಿಷಪ್ಪರಾದರು. ಹಳ್ಳಿಯ ಸಭೆಯಲ್ಲಿ ಭಾನುವಾರ ಕೂತು ಕೇಳುವವರಲ್ಲಿ ಹೆಂಗಸರೇ ಹೆಚ್ಚು, ಪೀಠದಲ್ಲಿ ನಿಲ್ಲುವವರು ಹೆಚ್ಚಾಗಿ ಗಂಡಸರು. ಮನೆಯಲ್ಲಿ ಹೊಡೆತ, ಮದುವೆ ಮುರಿಯುವುದು ಮುಂತಾದ ವಿಷಯಗಳಲ್ಲಿ ಸಹಿಸಿಕೋ ಎಂಬುದೇ ಬಹುಕಾಲದ ಉಪದೇಶ. ಕ್ರೈಸ್ತ ಹೆಂಡತಿ ವಿಚ್ಛೇದನ ಪಡೆಯಲು ಗಂಡನ ಹಾದರದ ಜೊತೆಗೆ ಕ್ರೌರ್ಯವನ್ನೋ ತೊರೆದು ಹೋದದ್ದನ್ನೋ ಸಾಬೀತು ಮಾಡಬೇಕೆಂಬ 1869ರ ಕಾನೂನು 2001ರಲ್ಲಿ ತಿದ್ದುಪಡಿಯಾಯಿತು. ಕಾನೂನು ಬದಲಾದದ್ದನ್ನು ಸಭೆಯ ಹೆಂಗಸರಿಗೆ ತಿಳಿಸುವುದೂ ಪ್ರಸಂಗಿಯ ಕೆಲಸವೇ. ಪೆಟ್ಟು ತಿಂದವಳಿಗೆ ತಾಳ್ಮೆ ಬೋಧಿಸುವುದು ಪೌಲನ ಕೊರಿಂಥದ ತಾಳ್ಮೆಯಲ್ಲ, ಅದರ ತಲೆಕೆಳಗು.

ಪ್ರಸಂಗಕ್ಕೆ ಉತ್ತರ ಕೊಡುವ ಜಾಗ ಎಲ್ಲಿ ಎಂಬುದು ಉಳಿದ ಪ್ರಶ್ನೆ. ವೆಸ್ಲಿ ಬಯಲಿನಲ್ಲಿ ಸಾವಿರಾರು ಜನರಿಗೆ ಪ್ರಸಂಗ ಮಾಡಿ ಅಲ್ಲಿಗೇ ಬಿಡಲಿಲ್ಲ. ಕೇಳಿದವರನ್ನು ಹತ್ತು ಹನ್ನೆರಡು ಮಂದಿಯ ಗುಂಪುಗಳಾಗಿ ವಾರವಾರ ಕೂಡಿಸಿದರು, ಅಲ್ಲಿ ಎಲ್ಲರಿಗೂ ಬಾಯಿತ್ತು. ಸುರಪುರ ಸೀಮೆಯ ಸಭೆಗಳಲ್ಲಿ ಮನೆ ಪ್ರಾರ್ಥನೆ, ಸ್ತ್ರೀ ಸಮಾಜ, ಯುವಜನ ಕೂಟಗಳು ಆ ಕೆಲಸ ಮಾಡಬಲ್ಲವು. ಒಬ್ಬ ಸಭಾಪಾಲಕರಿಗೆ ಹಲವು ಹಳ್ಳಿಗಳಿದ್ದು, ಅವರು ಬರಲಾಗದ ಭಾನುವಾರಗಳಲ್ಲಿ ಊರಿನವರೇ ಒಬ್ಬರು ಪ್ರಸಂಗ ಮಾಡುವ ಕಡೆ ಇದು ಇನ್ನೂ ಸಲೀಸು: ಕಳೆ ಕೀಳುವ ಹೊಲದಲ್ಲಿ ಸೋಮವಾರ ಸಿಗುವ ಪ್ರಸಂಗಿಯನ್ನು ಯಾರು ಬೇಕಾದರೂ ಪ್ರಶ್ನಿಸಬಹುದು. ವಿವಾದದ ಪ್ರಸಂಗ ಮಾಡುವ ಮುನ್ನ ಎರಡೂ ಕಡೆಯವರೊಡನೆ ಕೂತು ಕೇಳಿಸಿಕೊಳ್ಳುವುದು, ಮಾಡಿದ ಮೇಲೆ ಅದೇ ವಾರ ಚರ್ಚೆಗೆ ಒಂದು ಸಂಜೆ ಬಿಡುವುದು, ಒಪ್ಪದವರನ್ನು ಕರ್ತನ ಭೋಜನದಿಂದ ದೂರವಿಡದಿರುವುದು ಇದಕ್ಕೆ ಬೇಕಾದ ಕನಿಷ್ಠ ಏರ್ಪಾಡು.

ದುಡಿಯಲು ಬೆಂಗಳೂರು, ಪುಣೆ, ಮುಂಬೈಗೆ ಹೋದವರು ಈಗ ಊರಿನ ಪ್ರಸಂಗವನ್ನು ಮೊಬೈಲಿನಲ್ಲಿ ಕೇಳುತ್ತಾರೆ. ಊರಲ್ಲಿ ಉಳಿದವರು ಎಲ್ಲೆಲ್ಲಿಯೋ ಕೂತ ಪ್ರಸಂಗಿಗಳನ್ನು ಕೇಳುತ್ತಾರೆ. ಮೂವತ್ತು ಮನೆಗಳ ಮುಖ ನೋಡಿ ಅಳೆದು ಆಡಿದ ಮಾತು ತುಂಡಾಗಿ ಯಾರದೋ ಕೈ ಸೇರಬಹುದು, ದೂರುಪತ್ರದ ಜೊತೆ ಠಾಣೆಗೂ ಹೋಗಬಹುದು. ಯಾರ ಮುಖವನ್ನೂ ನೋಡದೆ ಆಡಿದ ಮಾತು ಈ ಮೂವತ್ತು ಮನೆಗಳೊಳಗೆ ಬಂದು ಕೂರಬಹುದು. ಅಂಥ ಪ್ರಸಂಗಿಗೆ ಪ್ರಮಾಣಪತ್ರ ಕಳೆದುಕೊಂಡ ಹುಡುಗಿಯ ಪರಿಚಯವಿಲ್ಲ, ಅವಳ ಮನೆಗೆ ಅವನು ಬರುವುದೂ ಇಲ್ಲ. ಬರಬೇಕಾದವರು ಊರಿನ ಸಭಾಪಾಲಕರೇ.